ಟ್ಯಾಗ್ ತಿಂದ್ರ ಹೊಟ್ಟಿ ತುಂಬಂಗಿಲ್ಲ

1/9

ಮೊದಲನೇ ಫೋಟೋದಾಗ ಇರೋ ಟೋಪಿ ನೋಡ್ರಿ. ಕರೀ ಬಟ್ಟಿ, ಮುಂದ ಒಂದು ಟ್ರಾವೆಲ್ ಶೋದ ಲೋಗೋ. ಲೋಗೋ ಮ್ಯಾಲೆ ಸ್ಟಿಕ್ಕರ್ ಹಚ್ಚೀನಿ, ಹೆಸರು ಕೇಳಬ್ಯಾಡ್ರಿ, ಹೇಳಂಗಿಲ್ಲ. ಹೋದ ಡಿಸೆಂಬರ್‌ನಾಗ ನಾಲ್ಕು ದಿನ ಕೆಲಸ ಮಾಡಿದ್ದಕ್ಕ ನನಗ ಸಿಕ್ಕ ಪಗಾರ ಇದು. "ಟೋಪಿ ಹಾಕಿದ್ರು" ಅಂತ ಎಲ್ಲಾರೂ ಸುಮ್ನ ಮಾತಿಗೆ ಅಂತಾರ. ನನಗ ಖರೇನ ಹಾಕಿದ್ರು, ಫೋಟೋನೂ ತಗದ್ರು.

ಇದನ್ನ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ, ನಾಚಿಕಿ ಬರ್ತಿತ್ತು. ಈಗ ಬರೆಯಾಕತ್ತಿದ್ದು ಯಾಕಂದ್ರ ಹೋದ ವಾರ ನಮ್ಮ ಕ್ಲಾಸ್ ಗ್ರೂಪ್‌ನಾಗ ಒಂದು ಮೆಸೇಜ್ ಬಂತು: "ಟಿವಿ ಶೂಟಿಂಗ್‌ನವರು ಐಹೊಳಿಗೆ ಬರಾಕತ್ತಾರ, ಲೋಕಲ್ ಹುಡುಗ್ರು ಬೇಕಂತ. ರೊಕ್ಕ ಇಲ್ಲ, ಆದ್ರ ಕಾಂಟ್ಯಾಕ್ಟ್ ಆಗ್ತದ. ಯಾರ್ ಯಾರು ಬರ್ತೀರಿ?" ಹತ್ತು ನಿಮಿಷದಾಗ ಹದಿನಾಲ್ಕು ಮಂದಿ ಕೈ ಎತ್ತಿದ್ರು. ಹದಿನಾಲ್ಕು! ಶನಿವಾರದ ಕಾಸ್ಟಿಂಗ್ ಕ್ಲಾಸಿಗೆ ಇಷ್ಟು ಮಂದಿ ಬರಂಗಿಲ್ಲ.

ಈ ಸರಣಿ ಆ ಹದಿನಾಲ್ಕು ಮಂದಿಗೆ. ಉದ್ದ ಐತಿ. ಬಸ್ಸಿನ್ಯಾಗ ಕುಂತು ಓದ್ರಿ.

2/9

ನನ್ನ ಪೇಜ್ ನೋಡೋವರಿಗೆ ಗೊತ್ತು. ಮನಿ ಹುನಗುಂದ, ಕಾಲೇಜು ಬಾಗಲಕೋಟೆ, ಭಾನುವಾರ ಸಿಕ್ಕ ಬಸ್ ಹತ್ತಿ ಬಾದಾಮಿ, ಐಹೊಳೆ, ಕೂಡಲಸಂಗಮ ಅಡ್ಡಾಡಿ ಮೂವತ್ತು ಸೆಕೆಂಡಿನ ವಿಡಿಯೋ ಹಾಕ್ತೀನಿ. ಅದನ್ನ ನೋಡಿ ಅವರ ಮೆಸೇಜ್ ಬಂತು. "ನಿಮ್ಮ ಫ್ರೇಮಿಂಗ್ ಸೂಪರ್, ನಮ್ಮ ಜೊತೆ ಕೊಲ್ಯಾಬ್ ಮಾಡ್ತೀರಾ?" ಕೊಲ್ಯಾಬ್ ಅನ್ನೋ ಒಂದು ಶಬ್ದ ಓದಿ ಅವತ್ತು ರಾತ್ರಿ ನಾನು ನಿದ್ದಿ ಮಾಡಲಿಲ್ಲ.

ಅವರು ಬರೋಕಿಂತ ಮೊದಲೇ ಎರಡು ವಾರ ಫೋನಿನ್ಯಾಗ ಕೆಲಸ ಶುರುವಾತು. ಬಾದಾಮ್ಯಾಗ ಏಳು ಮಂದಿಗೆ ರೂಮ್. ಒಂದು ಟೆಂಪೋ ಟ್ರಾವೆಲರ್, ಅದೂ ಐಹೊಳಿ ದಾರಿ ಗೊತ್ತಿರೋ ಡ್ರೈವರ್. ಯಾವ ಗುಡಿಗೆ ಯಾವ ಹೊತ್ತಿನ್ಯಾಗ ಬಿಸಿಲು ಬೀಳ್ತದ ಅನ್ನೋ ಪಟ್ಟಿ. ಬಂದ ಮ್ಯಾಲೆ ಕೇಳಬ್ಯಾಡ್ರಿ. ಮುಂಜಾನೆ ಐದೂವರಿಗೆ ಅಗಸ್ತ್ಯ ತೀರ್ಥದ ದಂಡಿಮ್ಯಾಲೆ ನಿಂತು ಮಂಗ್ಯಾ ಓಡಿಸೋದು (ಬಾದಾಮಿ ಮಂಗ್ಯಾಗಳಿಗೆ ಲೆನ್ಸ್ ಕ್ಯಾಪ್ ಅಂದ್ರ ಯಾಕೋ ಬಾಳ ಪ್ರೀತಿ), ಬನಶಂಕರಿ ಮುಂದ ರೊಟ್ಟಿ ಮಾರೋ ಅವ್ವಂದಿರ ಮಾತು ಹಿಂದಿಗೆ ಅನುವಾದ ಮಾಡೋದು, ಇವರ ಹಿಂದಿಯನ್ನ ನಮ್ಮ ಮಾತಿಗೆ ತಿರುಗಿಸೋದು. ಟ್ರೈಪಾಡ್ ಹಿಡಕೊಂಡು ಗುಹೆ ಮುಂದ ನಿಂತ ಮ್ಯಾಲೆ ಅವರಿಗೆ ಪುರಾತತ್ವ ಇಲಾಖೆಯ ಪರವಾನಗಿ ನೆನಪಾತು. ಅದಕ್ಕ ಅರ್ಜಿ ಬರೆದಾಕೀನೂ ನಾನೇ, ಝೆರಾಕ್ಸ್ ಅಂಗಡಿಗೆ ಓಡಿದಾಕೀನೂ ನಾನೇ. ಅವರ ಎರಡನೇ ಕ್ಯಾಮೆರಾ ಕೈಕೊಟ್ಟ ದಿನ ದುರ್ಗ ಗುಡಿ ಸುತ್ತ ನನ್ನ ಫೋನಿನ್ಯಾಗ ಶೂಟ್ ಮಾಡಿ ಕೊಟ್ಟೆ. ಅದಕ್ಕ ಮೊದಲು ನನ್ನಷ್ಟಕ್ಕ ನಾನು ತಗದಿಟ್ಟಿದ್ದ ಒಂದಿಷ್ಟು ಕ್ಲಿಪ್ಪೂ ಕೇಳಿದ್ರು, ಅವನ್ನೂ ಕೊಟ್ಟೆ.

ಈ ಕೆಲಸಗಳಿಗೆಲ್ಲ ಟಿವಿ ಧಂಧೆಯೊಳಗ ಹೆಸರು ಅದಾವ. ಲೈನ್ ಪ್ರೊಡ್ಯೂಸರ್, ಲೊಕೇಶನ್ ಮ್ಯಾನೇಜರ್, ಫಿಕ್ಸರ್, ಟ್ರಾನ್ಸ್‌ಲೇಟರ್, ಸೆಕೆಂಡ್ ಕ್ಯಾಮೆರಾ. ಪ್ರತಿ ಹೆಸರಿಗೂ ಒಂದು ದಿನದ ರೇಟ್ ಇರ್ತದ. ನನಗ ಗೊತ್ತಿರಲಿಲ್ಲ. ನಾನು ಎಲ್ಲಾದಕ್ಕೂ "ಕೊಲ್ಯಾಬ್" ಅಂತಿದ್ದೆ.

3/9

ಇಲ್ಲಿ ಫೋಟೋ ಹಾಕಂಗಿಲ್ಲ. ಇದು ನಮ್ಮ ದೊಡ್ಡವ್ವನ ಮನಿ ವಿಷಯ.

ದೊಡ್ಡವ್ವ ಇಳಕಲ್‌ನಾಗ ಕೈಮಗ್ಗದ ಮ್ಯಾಲೆ ಸೀರಿ ನೇಯ್ತಾಳ. ಇಳಕಲ್ ಸೀರಿ ಉಟ್ಟವರಿಗೆಲ್ಲ ಗೊತ್ತಿರಂಗಿಲ್ಲ, ಅದಕ್ಕ ಹೇಳ್ತೀನಿ. ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಒಡಲು ಹತ್ತಿ ಇದ್ರೂ ಸೆರಗು ರೇಷ್ಮಿ. ಎರಡನ್ನೂ ಒಂದೊಂದೇ ಎಳೆ ಹಿಡಿದು ಕುಣಿಕಿಗೆ ಕುಣಿಕಿ ಸಿಗಿಸಿ ಕೂಡಿಸ್ತಾರ. ಅದಕ್ಕ ಕೊಂಡಿ ಅಂತಾರ. ಒಬ್ಬರಿಂದ ಆಗೋ ಕೆಲಸ ಅಲ್ಲ, ಮನಿ ಮಂದಿ ಎಲ್ಲಾ ಕುಂದರಬೇಕು. ಟೋಪ್ ತೆನಿ ಸೆರಗು ಅಂತ ಎಲ್ಲಾರೂ ಹೊಗಳ್ತಾರಲ್ಲ, ಅದು ಶುರುವಾಗೋದು ಆ ಕೊಂಡಿಯಿಂದ.

ಶೂಟಿಂಗ್‌ನವರಿಗೆ ಕೊಂಡಿ ಬೇಕಿತ್ತು. ಅವರು ಬರೋ ಹೊತ್ತಿಗೆ ದೊಡ್ಡವ್ವ ಅರ್ಧ ಕೊಂಡಿ ಹಾಕಿ ಮುಗಿಸಿದ್ಲು. "ಮೊದಲಿನಿಂದ ಬೇಕು, ಸ್ವಲ್ಪ ಬಿಚ್ಚಿ ಮತ್ತೆ ಮಾಡೋಕೆ ಹೇಳಿ" ಅಂತ ಡೈರೆಕ್ಟರ್ ನನಗ ಹೇಳಿದ. ನಾನು ದೊಡ್ಡವ್ವಗ ಹೇಳಿದೆ. ಅಕಿ ನನ್ನ ಮಾರಿ ನೋಡಿ ಬಿಚ್ಚಿದ್ಲು. ಒಂದ್ ಸಲ ಅಲ್ಲ, ಮೂರು ಸಲ: ಮೊದಲು ದೂರದಿಂದ, ಆಮ್ಯಾಲೆ ಬೆರಳಷ್ಟೇ ಕಾಣೋ ಹಂಗ, ಆಮ್ಯಾಲೆ ಲೈಟ್ ಸರಿ ಬರಲಿಲ್ಲಂತ. ಎಳೆ ಹರಿದ್ವು. ಬಾಜು ಮನ್ಯಾಗ ಪವರ್‌ಲೂಮ್ ಸದ್ದು ಬರ್ತದಂತ ನಾನು ಹೋಗಿ ಆ ಕಾಕಾಗ ಕೈ ಮುಗಿದು ಒಂದು ತಾಸು ಬಂದ್ ಮಾಡಿಸಿ ಬಂದೆ. ಎರಡು ದಿನ ಹಿಂಗ ನಡೀತು. ಸಾವುಕಾರಗ ಶನಿವಾರ ಕೊಡಬೇಕಾಗಿದ್ದ ಸೀರಿ ಕೊಡಾಕ ಆಗಲಿಲ್ಲ. ಆ ವಾರ ದೊಡ್ಡವ್ವನ ಮನಿಗೆ ಆ ರೊಕ್ಕ ಬರಲಿಲ್ಲ.

ಹೋಗೋ ಮುಂದ ಅವರು ದೊಡ್ಡವ್ವನ ಜೊತಿ ಸೆಲ್ಫಿ ತಗೊಂಡ್ರು. ಒಂದು ರೂಪಾಯಿ ಇಲ್ಲ. ನಾನು ಕೇಳಲೂ ಇಲ್ಲ. ಅಕಿ ಅಂದದ್ದು ಇಷ್ಟ: "ನಿನ್ನ ಹೆಸರು ಬರ್ತದಲ್ಲವಾ, ಇರ್ಲಿ ಬಿಡು."

ಎಪಿಸೋಡ್ ಬಂತು. ದೊಡ್ಡವ್ವ ಹನ್ನೊಂದು ಸೆಕೆಂಡ್ ಅದಾಳ, ಹೆಸರಿಲ್ಲ. ನಾನು ತಗದ ದುರ್ಗ ಗುಡಿ ಐತಿ, ನನ್ನ ಹೆಸರಿಲ್ಲ. ಟ್ಯಾಗ್ ಕೂಡ ಇಲ್ಲ, ಯಾವುದಕ್ಕ ನಾನು ನಿದ್ದಿಗೆಟ್ಟಿದ್ನೋ ಆ ಟ್ಯಾಗ್.

ನನಗ ಮೋಸ ಆತು ಅಂತ ನಾಕು ತಿಂಗಳು ತಿಳಕೊಂಡಿದ್ದೆ. ಸರಿಯಾಗಿ ಕುಂತು ಯೋಚನಿ ಮಾಡಿದ್ರ, ದೊಡ್ಡವ್ವನ ಎರಡು ದಿನದ ಕೂಲಿಯನ್ನ ಫ್ರೀ ಕೊಡಿಸಿದಾಕಿ ನಾನು. ಅವರಿಗೆ ಆ ಮನಿ ಬಾಗಿಲಾ ತೆಗೆದದ್ದು ನನ್ನ ಮಾರಿ ನೋಡಿ.

4/9

ಬಿಕಾಂ ಓದಾಕತ್ತೀನಲ್ಲ, ಲೆಕ್ಕ ಬರೀದಿದ್ರ ಹೆಂಗ.

ದಿನಕ್ಕ ಹನ್ನೊಂದು ತಾಸಿನಂಗ ನಾಲ್ಕು ದಿನ, 44 ತಾಸು. ಮೊದಲಿನ ಎರಡು ವಾರದ ಫೋನ್ ಕೆಲಸ ಇದರಾಗ ಇಲ್ಲ. ಕೈಯಿಂದ ಹೋದದ್ದು: ಆಟೋ 640, ಪ್ರಿಂಟ್ ಮತ್ತು ಝೆರಾಕ್ಸ್ 85, ದೊಡ್ಡವ್ವನ ಓಣ್ಯಾಗ ಚಹಾ ಮತ್ತು ಗಿರ್ಮಿಟ್ 210, ಡೇಟಾ ಪ್ಯಾಕ್ 149. ಒಟ್ಟು 1,084 ರೂಪಾಯಿ. ಬಂದದ್ದು: ಟೋಪಿ, ಒಂದು.

ಬಸ್ ಖರ್ಚು ಯಾಕ ಇಲ್ಲ ಅಂತೀರಿ? ನಾನು ಹುಡುಗಿ, 2023ರ ಜೂನ್‌ದಿಂದ ಶಕ್ತಿ ಯೋಜನೆ ಐತಿ, ಆಧಾರ್ ತೋರಿಸಿದ್ರ ಸೊನ್ನೆ ಟಿಕೆಟ್. ನಾನು ಒಂದು ಸಲ ಅಂಜಿಕೋತ "ಪ್ರಯಾಣದ ಖರ್ಚರೆ ಕೊಡ್ರಿ" ಅಂತ ಕೇಳಿದಾಗ ಅವರ ಪ್ರೊಡಕ್ಷನ್ ಹುಡುಗ ನಕ್ಕು ಅಂದ, "ನಿಮಗೆ ಬಸ್ ಫ್ರೀ ಅಲ್ವಾ?" ಹೌದು, ಫ್ರೀ. ಸರ್ಕಾರ ಆ ಟಿಕೆಟ್ ಕೊಟ್ಟಿದ್ದು ನಾನು ಕಾಲೇಜಿಗೆ ಹೋಗಲಿ, ನಮ್ಮವ್ವ ದವಾಖಾನಿಗೆ ಹೋಗಲಿ ಅಂತ. ಹೊರಗಿನ ಕಂಪನಿಯ ಪ್ರೊಡಕ್ಷನ್ ಬಜೆಟ್ ಉಳಸಾಕ ಅಲ್ಲ.

5/9

"ರೊಕ್ಕ ಬಿಡು, ನಮ್ಮ ಊರಿಗೆ ಪ್ರಚಾರ ಆಗ್ತದಲ್ಲ." ಇದನ್ನ ನಮ್ಮ ಮಾಮಾ ಹೇಳಿದ, ಒಬ್ಬ ಸರ್ ಹೇಳಿದ್ರು, ನೀವೂ ಹೇಳ್ತೀರಿ.

ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಬಾದಾಮಿಯ ಮೂರನೇ ಗುಹೆಯ ಶಾಸನ ಕ್ರಿ.ಶ. 578ರದು. ಇತಿಹಾಸ ಓದುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಐಹೊಳೆ ಗೊತ್ತು. ಈ ಊರುಗಳಿಗೆ ಹೆಸರು ಕಡಿಮಿ ಬಿದ್ದಿಲ್ಲ. ಕಡಿಮಿ ಬಿದ್ದಿರೋದು ಹೆಸರಿನಿಂದ ಹುಟ್ಟೋ ರೊಕ್ಕ ಇಲ್ಲಿ ಉಳಿಯೋದು. ಬನಶಂಕರಿ ಮುಂದ ಬುಟ್ಟಿ ಇಟ್ಕೊಂಡು ಕಟಕ್ ರೊಟ್ಟಿ, ಮೊಸರು, ಚಟ್ನಿ, ಪಲ್ಯ ಮಾರೋ ಅವ್ವಂದಿರಿಗಿಂತ ಹೆಚ್ಚು ಪ್ರಚಾರ ಯಾರಿಗೆ ಸಿಕ್ಕೇತಿ ಹೇಳ್ರಿ? ಕ್ಯಾಮೆರಾ ಹಿಡಿದು ಬಂದವರೆಲ್ಲ ಮೊದಲು ನಿಲ್ಲೋದು ಅವರ ಮುಂದ. ಒಂದು ರೊಟ್ಟಿ ತಗೊಂಡು ಅರ್ಧ ತಾಸು ಶೂಟ್ ಮಾಡ್ತಾರ. ಆ ಅರ್ಧ ತಾಸು ಬ್ಯಾರೆ ಗಿರಾಕಿ ಬುಟ್ಟಿ ಹತ್ರ ಬರಾಕ ಆಗಂಗಿಲ್ಲ. ನಾನೂ ಹಂಗ ಶೂಟ್ ಮಾಡೀನಿ, ಎರಡು ಸಲ. ಅದನ್ನೂ ಇಲ್ಲಿ ಒಪ್ಪಿಕೊಂಡ್ ಬಿಡ್ತೀನಿ.

ಇನ್ನ ಹೆಸರು ಹಾಕೋ ವಿಷಯ. ಇದೇನು ಹೊರಗಿನವರಿಂದ ಕಲಿಯೋ ಪದ್ಧತಿ ಅಲ್ಲ. ಐಹೊಳೆಯ ಮೇಗುಟಿ ಗುಡಿ ಗೋಡೆ ಮ್ಯಾಲೆ 634ರಲ್ಲಿ ಪುಲಕೇಶಿಯನ್ನ ಹೊಗಳಿ ಬರೆದ ರವಿಕೀರ್ತಿ, ಅದೇ ಕಲ್ಲಿನ್ಯಾಗ ತನ್ನ ಹೆಸರನ್ನೂ ಬರೆದ. ಬರೇ ಹೆಸರಲ್ಲ, ಕೀರ್ತಿಯೊಳಗ ತಾನು ಕಾಳಿದಾಸ, ಭಾರವಿಗೆ ಸಮ ಅಂತ ಸೇರಿಸಿದ. ನಾವು ಅದನ್ನ ಸೊಕ್ಕು ಅಂತೀವಾ? ಪರೀಕ್ಷಿಗೆ ಓದ್ತೀವಿ.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಗೆ ಹೋದಾಗ ಎಲ್ಲಾರೂ ನಂದಿ ಮುಂದ ರೀಲ್ ಮಾಡಿ ಬರ್ತೀರಿ. ಆ ಗುಡಿ ಕಟ್ಟಿಸಿದ್ದು ಲೋಕಮಹಾದೇವಿ, ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ, 8ನೇ ಶತಮಾನದಾಗ. ಕಟ್ಟಿದವನ ಹೆಸರೂ ಅಲ್ಲಿನ ಶಾಸನದಾಗ ಐತಿ: ಗುಂಡ ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಅನ್ನೋ ಬಿರುದು ಕೊಟ್ಟದ್ದೂ ಐತಿ. ಸರ್ವಸಿದ್ಧಿ ಆಚಾರಿ ಅನ್ನೋ ಇನ್ನೊಬ್ಬ ಶಿಲ್ಪಿಯ ಹೆಸರೂ ಐತಿ. ಸಾಮ್ರಾಜ್ಯದ ರಾಣಿಗೆ ಕಲ್ಲು ಕೆತ್ತಿದವನ ಹೆಸರು ಬರೆಸಾಕ ಜಾಗ ಸಿಕ್ತು. ಇವರಿಗೆ ಸ್ಕ್ರೀನ್ ಕೆಳಗ ದೊಡ್ಡವ್ವನ ಹೆಸರಿಗೆ ಒಂದು ಸಾಲು ಸಿಗಲಿಲ್ಲ.

6/9

ಈಗ ನಿಮ್ಮ ಪಾಳಿ. ಸಿಟ್ಟು ಮಾಡ್ಕೋಬ್ಯಾಡ್ರಿ, ಮಾಡ್ಕೊಂಡ್ರೂ ಪೂರ್ತಿ ಓದಿ ಮಾಡ್ಕೋರಿ.

ಫೆಬ್ರವರಿಯೊಳಗ ಇನ್ನೊಂದು ತಂಡ ಮೆಸೇಜ್ ಮಾಡ್ತು. ಈ ಸಲ ನಾನು ಶಾಣ್ಯಾಕಿ ಆಗಿದ್ದೆ. ದಿನಕ್ಕ 2,500, ಓಡಾಟದ ಖರ್ಚು ಬ್ಯಾರೆ, ಕ್ರೆಡಿಟ್ ಬೇಕೇ ಬೇಕು ಅಂತ ಬರೆದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ: "ನಿಮ್ಮ ಕಾಲೇಜಿನವರೇ ಒಬ್ಬರು ಫ್ರೀ ಬರ್ತೀನಿ ಅಂದಿದ್ದಾರೆ, ಥ್ಯಾಂಕ್ಸ್."

ಯಾರು ಅಂತ ನನಗ ಗೊತ್ತು. ಅಂವಗೂ ಗೊತ್ತು ನನಗ ಗೊತ್ತದ ಅಂತ. ಕೇಳಿದ್ದಕ್ಕ "ಚಾನ್ಸ್ ಬೇಕಲ್ಲ, ಮೊದಲು ಹೆಸರಾಗ್ಲಿ, ರೊಕ್ಕ ಆಮ್ಯಾಲೆ" ಅಂದ. ನೋಡಪಾ, ನೀನು ಫ್ರೀ ಹೋದ ದಿನ ನಿನ್ನ ರೇಟ್ ಅಷ್ಟೇ ಸೊನ್ನೆ ಆಗಲಿಲ್ಲ. ನನ್ನದೂ ಆತು, ಮುಂದಿನ ವರ್ಷ ಕ್ಯಾಮೆರಾ ಹಿಡಿಯೋ ನಮ್ಮ ಜೂನಿಯರ್‌ದೂ ಆತು. ನಾಳೆ ನೀನು 1,000 ಕೇಳಿದ್ರ ಅವರು ನಿನಗೂ ಇದೇ "ಥ್ಯಾಂಕ್ಸ್" ಕಳಸ್ತಾರ. ಹದಿನಾಲ್ಕು ಮಂದಿ ಸಾಲಿನ್ಯಾಗ ನಿಂತಾರಲ್ಲ.

ಮತ್ತ ಒಂದು ಮಾತು. ಫ್ರೀ ಹೋಗಾಕ ಯಾರಿಗೆ ಆಗ್ತದ? ಅಪ್ಪಂದು ಅಂಗಡಿ ಇದ್ದವರಿಗೆ, ಮನ್ಯಾಗ ಗಾಡಿ ಇದ್ದವರಿಗೆ. ನಮ್ಮ ಕ್ಲಾಸಿನ್ಯಾಗ ನವನಗರದ ಹೋಟೆಲ್‌ನಾಗ ಸಂಜಿ ಬಿಲ್ ಬರೆಯೋ ಒಬ್ಬ ಹುಡುಗ ಅದಾನ. ಎಡಿಟಿಂಗ್ ನಮ್ಮೆಲ್ಲರಿಗಿಂತ ಚೊಲೋ ಮಾಡ್ತಾನ. ಅಂವ ನಾಲ್ಕು ದಿನ ರಜಾ ಹಾಕಿದ್ರ ಮನ್ಯಾಗ ರೇಷನ್‌ಗೆ ತ್ರಾಸ. "ರೊಕ್ಕ ಇಲ್ಲ ಆದ್ರ ಕಾಂಟ್ಯಾಕ್ಟ್" ಅನ್ನೋ ಬಾಗಿಲಾದಾಗ ಅಂವ ಎಂದೂ ಒಳಗ ಹೋಗಂಗಿಲ್ಲ. ಪ್ರತಿಭೆ ನೋಡಿ ಆರಿಸ್ತೀವಿ ಅಂತ ಅವರು ಹೇಳೋದು, ಅವರು ಆರಿಸೋದು ಹಸಿವಿ ಇಲ್ಲದವರನ್ನ.

ಬನಶಂಕರಿ ಜಾತ್ರಿಗೆ ಪ್ರತಿ ವರ್ಷ ನಾಟಕ ಕಂಪನಿಗಳು ಬಂದು ಟೆಂಟ್ ಹಾಕ್ತಾವ, ರಾತ್ರಿಯೆಲ್ಲ ಆಟ ನಡೀತಾವ. ರಕ್ತರಾತ್ರಿ ಬರೆದ ಕಂದಗಲ್ಲ ಹನುಮಂತರಾಯರು ನಮ್ಮ ಭಾಗದವರು. ಹಾರ್ಮೋನಿಯಂ ಮಾಸ್ತರಗ "ನುಡಸ್ರಿ, ಜಾತ್ರಿ ಮಂದಿಗೆಲ್ಲ ನಿಮ್ಮ ಪರಿಚಯ ಆಗ್ತದ" ಅಂತ ಯಾವ ಮಾಲಕನಾದ್ರೂ ಹೇಳಿ ನೋಡ್ಲಿ. ಆ ರಾತ್ರಿ ಪರದಾ ಏಳಂಗಿಲ್ಲ.

7/9

ನಮ್ಮ ತಪ್ಪು ತಿಳುವಳಿಕಿ ಏನಂದ್ರ, ಟ್ರಾವೆಲ್ ಟಿವಿ ಅಂದ್ರ ಕ್ಯಾಮೆರಾ ಮುಂದ ನಿಲ್ಲೋದು. ಎಲ್ಲಾರೂ ಡಾಕ್ಟರ್ ಬ್ರೋ ಆಗಬೇಕು, "ನಮಸ್ಕಾರ ದೇವ್ರು" ಅನಬೇಕು. ಅಂವ ದೇಶ ದೇಶ ತಿರುಗಿ ಕನ್ನಡದಾಗ ಮಾಡಿದ್ದು ದೊಡ್ಡದು, ನಾನೂ ಬಿಡದೆ ನೋಡ್ತೀನಿ. ಆದ್ರ ಸ್ವಂತ ಚಾನೆಲ್ ಅಂದ್ರ ಜಾಹೀರಾತಿನ ಪಾಲು ಬರಾಕ ಮೊದಲು 1,000 ಸಬ್‌ಸ್ಕ್ರೈಬರ್, ಮ್ಯಾಲೆ ಒಂದು ವರ್ಷದಾಗ 4,000 ತಾಸು ವೀಕ್ಷಣೆ ಅಥವಾ 90 ದಿನದಾಗ ಶಾರ್ಟ್ಸ್‌ಗೆ ಒಂದು ಕೋಟಿ ವ್ಯೂಸ್ ಬೇಕು. ಅಲ್ಲೀತನಕ ಊಟ ಅವ್ವ ಹಾಕಬೇಕು. ಮಾಡಬ್ಯಾಡ್ರಿ ಅನ್ನಂಗಿಲ್ಲ, ನಾನೂ ಮಾಡಾಕತ್ತೀನಿ. ಜೊತಿಗೆ ಇನ್ನೊಂದು ಬಾಗಿಲಾ ಐತಿ ಅನ್ನೋದನ್ನ ಮರೀಬ್ಯಾಡ್ರಿ: ಬ್ಯಾರೆಯವರ ಶೋಗೆ ಇಲ್ಲಿನ ಕೆಲಸ ಮಾಡಿಕೊಟ್ಟು ಬಿಲ್ ಹಾಕೋದು.

ಅಪ್ಪ ಈಗಲೂ ಹೇಳ್ತಾನ, 90ರ ದಶಕದಾಗ ದೂರದರ್ಶನದ ಸುರಭಿ ಬಂದ್ರ ಇಡೀ ಓಣಿ ಟಿವಿ ಇದ್ದವರ ಮನ್ಯಾಗ ಕುಂದರ್ತಿತ್ತಂತ. ನನಗ ಆ ಕಥಿಯೊಳಗ ಹಿಡಿಸಿದ್ದು ಬ್ಯಾರೆ. ಸಿದ್ಧಾರ್ಥ ಕಾಕ್ ಬರೇ ನಿರೂಪಕ ಅಲ್ಲ, ಅದರ ನಿರ್ಮಾಪಕನೂ ಅವನೇ. ಸ್ವಂತ ಕಂಪನಿಯಿಂದ ಕಾರ್ಯಕ್ರಮ ಮಾಡಿ ದೂರದರ್ಶನಕ್ಕ ಕೊಟ್ಟದ್ದು. ಆಂಥೋನಿ ಬೋರ್ಡೇನ್‌ನ ಶೋಗಳು ನೋಡೀರೇನು? ಅಂಥಾ ತಂಡಗಳು ಹೋದ ಊರಲ್ಲೆಲ್ಲ ಆ ಊರಿನ ಫಿಕ್ಸರ್‌ನ ಕೆಲಸಕ್ಕ ತಗೋತಾವ. ಅದು ಉಪಕಾರ ಅಲ್ಲ, ಉದ್ಯೋಗ.

ಮತ್ತ ನಮ್ಮ ಹತ್ರ ಮಾರಾಕ ಏನೈತಿ ಅಂತ ಸಣ್ಣ ಮಾರಿ ಮಾಡಬ್ಯಾಡ್ರಿ. 2019ರ ಆಗಸ್ಟ್‌ನಾಗ ಮಲಪ್ರಭಾ ಪಟ್ಟದಕಲ್ಲಿನ ಗುಡಿಯೊಳಗ ನುಗ್ಗಿದ್ದು ನಮಗ ನೆನಪೈತಿ. ಮಳಿಗಾಲದ ಶೂಟಿಂಗ್‌ಗೆ ಡ್ಯಾಮ್ ನೀರಿನ ಸುದ್ದಿ ಕೇಳಿ ಡೇಟ್ ಹೇಳೋರು ನಾವು. ಬನದ ಹುಣ್ಣಿಮಿ ಆಜುಬಾಜು ಬಾದಾಮ್ಯಾಗ ರೂಮ್ ಸಿಗಂಗಿಲ್ಲ ಅಂತ ಮೊದಲೇ ಗೊತ್ತಿರೋರು ನಾವು. ಭೂತನಾಥ ಗುಡಿಗೆ ಸಂಜಿ ಬಿಸಿಲು ಬೇಕಂತ, ಅಮೀನಗಡದ ಕರದಂಟು ಯಾವ ಹೊತ್ತಿಗೆ ಕಡಾಯಿಯಿಂದ ಇಳೀತದಂತ, ದೊಡ್ಡವ್ವನಂಥಾಕಿ ಜೊತಿ ಮೊದಲು ಕ್ಯಾಮೆರಾ ಅಲ್ಲ, ಚಹಾ ಬೇಕಂತ ಗೊತ್ತಿರೋರು ನಾವು. ಒಂದು ದಿನದ ಶೂಟಿಂಗ್ ಹಾಳಾದ್ರ ಅವರಿಗೆ ಏಳು ಮಂದಿ ಪಗಾರ, ಗಾಡಿ, ರೂಮ್, ಎಲ್ಲಾ ಹೋಗ್ತದ. ಅದನ್ನ ಉಳಿಸೋ ಕೆಲಸಕ್ಕ 2,500 ದುಬಾರಿಯಾ?

8/9

ಇದು ಒಣ ಪೋಸ್ಟ್. ಸೇವ್ ಮಾಡಿ ಇಟ್ಕೋರಿ. ಬಿಸಿನೆಸ್ ಲಾ ಪಿರಿಯಡ್‌ನಾಗ ನಾವು ಮಲಗಿದ್ದಾಗ ಹೇಳಿದ್ದು, ಆಮ್ಯಾಲೆ ನಾನು ಕಾಯ್ದೆ ತೆಗೆದು ಓದಿದ್ದು.

ನಿಮ್ಮಷ್ಟಕ್ಕ ನೀವು ತಗದ ವಿಡಿಯೋದ ಹಕ್ಕು ನಿಮ್ಮದು. ವಾಟ್ಸಾಪ್‌ನಾಗ ಕಳಿಸಿದ ಕೂಡಲೇ ಅವರದಾಗಂಗಿಲ್ಲ. 1957ರ ಕಾಪಿರೈಟ್ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕು ವರ್ಗಾವಣೆ ಬರವಣಿಗೆಯಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಎಷ್ಟು ವರ್ಷಕ್ಕ ಅಂತ ಬರೀದಿದ್ರ ಐದು ವರ್ಷಕ್ಕ ಮಾತ್ರ ಅಂತ ಅರ್ಥ. ಎಲ್ಲಿಗೆ ಅಂತ ಬರೀದಿದ್ರ ಭಾರತಕ್ಕ ಮಾತ್ರ. ಉಲ್ಟಾನೂ ಐತಿ: ಅವರು ರೊಕ್ಕ ಕೊಟ್ಟು, ಅವರು ಹೇಳಿದಂಗ ನೀವು ಶೂಟ್ ಮಾಡಿದ್ರ, ಬ್ಯಾರೆ ಕರಾರು ಇಲ್ಲದಿದ್ರ ಹಕ್ಕು ಅವರದು. ಅದಕ್ಕ ಕೆಲಸಕ್ಕ ಮೊದಲು ಒಂದು ಇಮೇಲ್: ಎಷ್ಟು ದಿನ, ಎಷ್ಟು ರೊಕ್ಕ, ಯಾವ ಕ್ರೆಡಿಟ್, ಯಾವ ಫೂಟೇಜ್.

ಉದ್ಯಮ್ ನೋಂದಣಿ ಮಾಡಿಸ್ರಿ. ಆನ್‌ಲೈನ್, ಆಧಾರ್ ಮತ್ತು ಪ್ಯಾನ್ ಸಾಕು, ಫೀ ಇಲ್ಲ. (ಫೀ ಕೇಳೋ ವೆಬ್‌ಸೈಟ್ ಸರ್ಕಾರದ್ದಲ್ಲ.) ಮಾಡಿಸಿದ್ರ ನಿಮ್ಮ ಬಿಲ್ ಎಷ್ಟು ತಡ ಅಂದ್ರೂ 45 ದಿನದಾಗ ಕೊಡಬೇಕು. ತಪ್ಪಿದ್ರ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳೋ ಹಕ್ಕು 2006ರ ಎಂಎಸ್ಎಂಇ ಕಾಯ್ದೆ ಕೊಟ್ಟೇತಿ. ಜಿಎಸ್‌ಟಿ ಅಂತ ಹೆದರಸ್ತಾರ, ವರ್ಷದ ಸೇವಾ ವಹಿವಾಟು 20 ಲಕ್ಷ ದಾಟೋತನಕ ನೋಂದಣಿ ಕಡ್ಡಾಯ ಅಲ್ಲ. ನಮಗ 20 ಲಕ್ಷದ ಚಿಂತಿ ಬರಲಿ ಮೊದಲು.

9/9

ಕೊನೀದು. ಏಪ್ರಿಲ್‌ನಾಗ ಇಬ್ಬರದೇ ಒಂದು ಸಣ್ಣ ತಂಡ ಬಂತು, ಕನ್ನಡದವರೇ. ಎರಡು ದಿನ, 5,000 ಅಂತ ಮೊದಲೇ ಇಮೇಲ್. ಕೆಲಸ ಮುಗೀತು, ಇನ್‌ವಾಯ್ಸ್ ಕಳಿಸಿದೆ. ಹದಿನೆಂಟನೇ ದಿನ ಖಾತೆಗೆ 4,500 ಬಂತು. "ಟಿಡಿಎಸ್ ಕಟ್ ಆಗಿದೆ" ಅಂದ್ರು. "ವರ್ಷಕ್ಕ 50,000 ದಾಟದ ಪ್ರೊಫೆಷನಲ್ ಫೀಗೆ ಟಿಡಿಎಸ್ ಯಾಕ್ರಿ? ಕಟ್ ಮಾಡಿದ್ದೇ ಖರೇ ಇದ್ರ ಫಾರ್ಮ್ 16ಎ ಕಳಸ್ರಿ" ಅಂತ ಬರೆದೆ. ಮರುದಿನ ಮುಂಜಾನೆ 500 ಬಂತು, ಜೊತಿಗೆ ಒಂದು ನಗೋ ಇಮೋಜಿ. ಬಿಕಾಂ ಮಾಡಿ ಏನ್ ಮಾಡ್ತೀ ಅಂತ ಕೇಳೋ ನಮ್ಮ ಸಂಬಂಧಿಕರಿಗೆ ಆ ಸ್ಕ್ರೀನ್‌ಶಾಟ್ ಕಳಿಸೀನಿ. ಎರಡನೇ ಫೋಟೋ ಅದೇ.

ಅದರಾಗ 700 ತಗೊಂಡು ಇಳಕಲ್ ಬಸ್ ಹತ್ತಿದೆ. ದಿನಕ್ಕ 350ರ ಲೆಕ್ಕ, ಎರಡು ದಿನದ್ದು. ದೊಡ್ಡವ್ವ ಮಗ್ಗ ಬಿಟ್ಟು ಏಳಲಿಲ್ಲ. "ಯಾತರ ರೊಕ್ಕವಾ?" ಅಂದ್ಲು. ಡಿಸೆಂಬರ್‌ನ ಶೂಟಿಂಗ್‌ದು ಅಂದೆ. "ಅವರು ಕೊಟ್ರೇನು?" ಇಲ್ಲ, ನಾನು ಕೊಡಾಕತ್ತೀನಿ. ಬ್ಯಾಡ ಅಂತಾಳ ಅಂತ ತಿಳಕೊಂಡಿದ್ದೆ. ಎಣಿಸಿ ಸೆರಗಿನ್ಯಾಗ ಕಟ್ಟಿದ್ಲು. ಆಮ್ಯಾಲೆ ಹೇಳಿದ್ಲು, "ಎಳೆ ಹರದ್ವಲ್ಲ, ರೇಷ್ಮಿ ಯಾರಪ್ಪಂದು? ಮುಂದಿನ ಸಲ ಅದನ್ನೂ ಬರಿ." ಈಗ ನನ್ನ ರೇಟ್ ಶೀಟಿನ್ಯಾಗ ಒಂದು ಹೊಸ ಸಾಲು ಐತಿ: ನೇಕಾರರ ಮನೆಯ ಶೂಟಿಂಗ್, ದಿನದ ಕೂಲಿ ಮತ್ತು ನೂಲಿನ ನಷ್ಟ, ಮುಂಗಡ.

ರೇಟ್ ಶೀಟ್, ಇನ್‌ವಾಯ್ಸ್ ಮಾದರಿ, ಇಮೇಲ್ ಮಾದರಿ ಮೂರೂ ಹೈಲೈಟ್ಸ್‌ನಾಗ ಹಾಕೀನಿ, ತಗೋರಿ. ಸೋಮವಾರ ಇಂಟರ್ನಲ್ಸ್ ಐತಿ, ಮೆಸೇಜ್‌ಗೆ ಉತ್ತರ ಅದಾದ ಮ್ಯಾಲೆ.

ಐಹೊಳಿ ಶೂಟಿಂಗ್ ಬರೋ ಗುರುವಾರ. ಮೊದಲನೇ ಪೋಸ್ಟ್ ಹಾಕಿದ ಮ್ಯಾಲೆ ಆ ಹದಿನಾಲ್ಕರಾಗ ಮೂರು ಮಂದಿ "ಎಷ್ಟು ಕೇಳಬೇಕು?" ಅಂತ ನನಗ ಮೆಸೇಜ್ ಮಾಡ್ಯಾರ. ಉಳಿದ ಹನ್ನೊಂದು ಮಂದಿ, ಎಲ್ಲಿದ್ದೀರಿ?

#ಬಾದಾಮಿ #ಐಹೊಳೆ #ಇಳಕಲ್ #ಹುನಗುಂದ #ಬಾಗಲಕೋಟೆ #ಟೋಪಿಬ್ಯಾಡ